ಹೆಜ್ಜೆ ಹೆಜ್ಜೆಯಾಗಿ ಯೋಚಿಸುವ ಸರ್ವರ್: ಹಾಕಿಕೊಂಡವರು ಅನುಭವ ತಿಳಿಸಿ

ಶಿವಮೊಗ್ಗದಿಂದ ಪ್ರಶ್ನೆ: ಅಡಿಕೆ ಮಂಡಿಯಲ್ಲಿ ಲೆಕ್ಕ ಬರೆಯುವ ಕೆಲಸ ನನ್ನದು. ರಾಶಿ, ಬೆಟ್ಟೆ, ಸರಕು, ಗೊರಬಲು ಬೇರೆ ಬೇರೆ ದರಕ್ಕೆ ಹೋದಾಗ ಮುಂಗಡ, ಹಮಾಲಿ ಕಳೆದು ರೈತರಿಗೆ ಸಲ್ಲಬೇಕಾದ ಮೊತ್ತವನ್ನು ಕ್ಲಾಡ್ ಡೆಸ್ಕ್‌ಟಾಪ್ ಎಂಬ ಎಐ ಆ್ಯಪ್‌ನಲ್ಲಿ ತಾಳೆ ನೋಡುತ್ತೇನೆ. ಒಮ್ಮೊಮ್ಮೆ ಅದು ನಡುವಿನ ಒಂದು ಕಡಿತವನ್ನೇ ಬಿಟ್ಟು ನೇರ ಉತ್ತರಕ್ಕೆ ಹಾರುತ್ತದೆ. ಎಂಸಿಪಿಯ (ಎಐಗೆ ಹೊರಗಿನ ಉಪಕರಣಗಳನ್ನು ಜೋಡಿಸುವ ಪದ್ಧತಿ) ಸೀಕ್ವೆನ್ಷಿಯಲ್ ಥಿಂಕಿಂಗ್ ಸರ್ವರ್, ಅಂದರೆ ಯೋಚನೆಯನ್ನು ಹೆಜ್ಜೆ ಹೆಜ್ಜೆಯಾಗಿ ಬರೆಸುವ ಪುಟ್ಟ ಪ್ರೋಗ್ರಾಂ, ಸೇರಿಸಿದರೆ ಸರಿಹೋದೀತೇ? ಅದನ್ನು ಓಡಿಸಲು ಎನ್‌ಪಿಎಕ್ಸ್ (ಪ್ರೋಗ್ರಾಂ ಪೊಟ್ಟಣವನ್ನು ನೆಟ್‌ನಿಂದ ಇಳಿಸಿ ಓಡಿಸುವ ಆದೇಶ) ದಾರಿ ಒಳ್ಳೆಯದೋ, ಡಾಕರ್ (ಪ್ರೋಗ್ರಾಮನ್ನು ಬೇರೆಯದೇ ಡಬ್ಬಿಯಲ್ಲಿಟ್ಟು ಓಡಿಸುವ ತಂತ್ರಾಂಶ) ಒಳ್ಳೆಯದೋ? ವಿಂಡೋಸ್ ಲ್ಯಾಪ್‌ಟಾಪ್, 8 ಜಿಬಿ ರ‍್ಯಾಮ್.

ತೀರ್ಥಹಳ್ಳಿಯಿಂದ: ಡಾಕರ್ ಹೆಸರು ಎತ್ತಬೇಡಿ. "ಡಾಕರ್‌ನಲ್ಲಾದರೆ ತಲೆನೋವೇ ಇಲ್ಲ" ಎಂದು ಪರಿಚಯದವರೊಬ್ಬರು ಒತ್ತಾಯ ಮಾಡಿ ಹಾಕಿಸಿದರು. ಅದಕ್ಕೆ ಮೊದಲು ವಿಂಡೋಸ್ ಒಳಗೆ ಲಿನಕ್ಸ್ ಪದರ ಬೇಕು, ಆಮೇಲೆ ಡಾಕರ್ ಡೆಸ್ಕ್‌ಟಾಪ್, ಆಮೇಲೆ ಸರ್ವರಿನ ಚಿತ್ರಿಕೆ (ಇಮೇಜ್). ಎಲ್ಲವೂ ಆಷಾಢದ ಮಳೆಯಲ್ಲಿ, ಮೊಬೈಲ್ ಡೇಟಾದಲ್ಲಿ. ಅರ್ಧ ಇಳಿದಾಗ ಟವರ್ ಸತ್ತಿತು. ಡೇಟಾ ಮುಗಿದು 61 ರೂಪಾಯಿಯ ಹೆಚ್ಚುವರಿ ಪ್ಯಾಕ್ ಹಾಕಿಸಿದೆ, ಅದೂ ಸಾಲದೆ ಮತ್ತೊಂದು. ಎಲ್ಲ ಮುಗಿದ ಮೇಲೆ ಲ್ಯಾಪ್‌ಟಾಪ್ ಉಸಿರೇ ಬಿಡಲಿಲ್ಲ. ಇನ್ನೊಂದು 8 ಜಿಬಿ ರ‍್ಯಾಮ್‌ಗೆ 2,350 ರೂಪಾಯಿ, ಕೂರಿಸಿದ್ದಕ್ಕೆ 300. ಉಚಿತವಾಗಿ ಸಿಗುವ, ಯಾವ ಎಪಿಐ ಕೀಲಿಯನ್ನೂ (ಸೇವೆ ಬಳಸಲು ಕೊಡಬೇಕಾದ ಗುಪ್ತಪದ) ಕೇಳದ ಪುಟ್ಟ ಸರ್ವರ್‌ಗಾಗಿ ಇಷ್ಟು!

ಕೊನೆಗೆ ಡಾಕರ್ ಕಿತ್ತುಹಾಕಿ ಎನ್‌ಪಿಎಕ್ಸ್‌ಗೆ ಬಂದೆ. ಅಲ್ಲಿಯೂ ಸುಲಭವಾಗಲಿಲ್ಲ. ಕ್ಲಾಡ್‌ಗೆ ಸರ್ವರ್ ಎಲ್ಲಿದೆ ಎಂದು ತಿಳಿಸುವ ಸಂರಚನಾ ಕಡತಕ್ಕೆ ಎಲ್ಲರೂ ಹಂಚುವ ನಮೂನೆ ಮ್ಯಾಕ್‌ನದು. ಅದರಲ್ಲಿ ಆದೇಶದ ಜಾಗದಲ್ಲಿ ಬರೀ ಎನ್‌ಪಿಎಕ್ಸ್ ಎಂದಿರುತ್ತದೆ. ನನ್ನ ವಿಂಡೋಸ್‌ನಲ್ಲಿ ಅದು ಏಳಲೇ ಇಲ್ಲ. ಆದೇಶವಾಗಿ ಸಿಎಂಡಿ (ವಿಂಡೋಸ್‌ನ ಆದೇಶ ಸಾಲು), ಮೊದಲ ಆರ್ಗ್ಯುಮೆಂಟ್ ಆಗಿ ಓರೆಗೆರೆ ಸಿ, ಅದರ ಮುಂದೆ ಎನ್‌ಪಿಎಕ್ಸ್ ಎಂದು ಬರೆದ ಮೇಲೆ ಎದ್ದಿತು. ಆ ನಮೂನೆಯಲ್ಲಿ ಕೊನೆಯ ಆವರಣಕ್ಕೆ ಮೊದಲು ಒಂದು ಅಲ್ಪವಿರಾಮ ಹೆಚ್ಚಾಗಿತ್ತು. ಆ ಕಡತದ ಬರಹರೂಪವಾದ ಜೇಸನ್ ಅದನ್ನು ಸಹಿಸುವುದಿಲ್ಲ. ಒಂದು ಅಲ್ಪವಿರಾಮಕ್ಕೆ ನನ್ನ ಇಡೀ ಭಾನುವಾರ ಹೋಯಿತು. ಬರೆದವರು ಒಮ್ಮೆಯಾದರೂ ಓಡಿಸಿ ನೋಡಬಾರದೇ?

ಸಾಗರದಿಂದ: ಎನ್‌ಪಿಎಕ್ಸ್ ಕೂಡ ಮಲೆನಾಡಿಗೆ ಹೇಳಿ ಮಾಡಿಸಿದ್ದಲ್ಲ. ಪೊಟ್ಟಣ ಕೈಗೆ ಸಿಗದಿದ್ದರೆ ನೆಟ್ ಹುಡುಕುತ್ತ ಕೂರುತ್ತದೆ, ಅಷ್ಟರಲ್ಲಿ ಆ್ಯಪ್ ಕಾಯುವುದನ್ನು ಬಿಡುತ್ತದೆ. ನಾನು ನೋಡ್ ಜೆಎಸ್ ಹಾಕಿ, ಅದರ ಜೊತೆ ಬರುವ ಎನ್‌ಪಿಎಂನಿಂದ ಸರ್ವರನ್ನು ಯಂತ್ರದಲ್ಲೇ ಶಾಶ್ವತವಾಗಿ ಇಳಿಸಿಕೊಂಡು, ಅದರ ಪೂರ್ತಿ ದಾರಿಯನ್ನು ಸಂರಚನಾ ಕಡತದಲ್ಲಿ ಬರೆದೆ. ಇವತ್ತಿಗೂ ಕೆಮ್ಮಿಲ್ಲ, ಸೀನಿಲ್ಲ.

ಫಲ ಹೇಳುತ್ತೇನೆ ಕೇಳಿ. ನಮ್ಮಲ್ಲಿ ಅಣ್ಣತಮ್ಮಂದಿರ ನಡುವೆ ತೋಟದ ಲೆಕ್ಕ ವರ್ಷಗಟ್ಟಲೆ ಬಗೆಹರಿದಿರಲಿಲ್ಲ. ಚೇಣಿಗೆ ಕೊಟ್ಟ ಫಸಲು, ಎರಡು ಕಂತಿನ ಮುಂಗಡ, ಇಬ್ಬರಿಗೂ ಸೇರಿದ ಪಂಪ್‌ಸೆಟ್ಟಿನ ರಿಪೇರಿ, ಎಲೆಚುಕ್ಕೆ ರೋಗಕ್ಕೆ ಹೊಡೆಸಿದ ಔಷಧಿಯ ಖರ್ಚು. ಎಲ್ಲವನ್ನೂ ಕೊಟ್ಟು ಹೆಜ್ಜೆ ಹಾಕಿಸಿದೆ. ಎರಡನೆಯ ಹೆಜ್ಜೆಯಲ್ಲಿ ಮುಂಗಡವನ್ನು ಸಮನಾಗಿ ಹಂಚಿತ್ತು. ಐದನೆಯ ಹೆಜ್ಜೆಯಲ್ಲಿ ತಾನೇ ಹಿಂದಿರುಗಿ, "ಎರಡನೆಯದನ್ನು ತಿದ್ದುತ್ತಿದ್ದೇನೆ, ಮೊದಲ ಕಂತನ್ನು ಅಣ್ಣನ ಪಾಲಿನವರು ಆಗಲೇ ಪಡೆದಿದ್ದಾರೆ" ಎಂದು ಬರೆಯಿತು. ತಿದ್ದುಪಡಿಯ ಗುರುತು, ಯಾವ ಹೆಜ್ಜೆಗೆ ತಿದ್ದುಪಡಿ ಎಂಬ ಸಂಖ್ಯೆ, ಎರಡೂ ಕಣ್ಣೆದುರಿಗಿದ್ದವು. ಅಣ್ಣ ಸಾಲು ಸಾಲಾಗಿ ಓದಿ ಒಪ್ಪಿದರು. ವಕೀಲರ ಹತ್ತಿರ ಹೋಗುವುದು ತಪ್ಪಿತು.

ಭದ್ರಾವತಿಯಿಂದ: ಸಾಗರದವರು ಹೇಳುತ್ತಿರುವುದನ್ನು ಕೇಳಿದರೆ ಸರ್ವರೇ ಯೋಚಿಸಿತು ಎಂದು ಹೊಸಬರು ತಿಳಿಯುತ್ತಾರೆ. ಅದರ ಕೋಡ್ ಓದಿದ್ದೇನೆ. ಅದು ಯೋಚಿಸುವುದಿಲ್ಲ! ಮಾದರಿ, ಅಂದರೆ ಕ್ಲಾಡ್, ಬರೆದು ಕಳಿಸಿದ ಯೋಚನೆಯನ್ನು ಪಟ್ಟಿಗೆ ಸೇರಿಸಿಕೊಂಡು, ಇದು ಎಷ್ಟನೆಯದು, ಒಟ್ಟು ಎಷ್ಟು, ಇನ್ನೂ ಬೇಕೇ, ಯಾವ ಕವಲು ಎಂದಷ್ಟೇ ಮರಳಿಸುತ್ತದೆ. ಬುದ್ಧಿಯೆಲ್ಲ ಮಾದರಿಯದು.

ಬಿಲ್ಲು ನನ್ನ ಕೈಯಿಂದ ಹೋಗಿದೆ, ಅದಕ್ಕೇ ಹೇಳುತ್ತಿದ್ದೇನೆ. ಎಪಿಐ ಮೂಲಕ, ಅಂದರೆ ಬಳಸಿದಷ್ಟಕ್ಕೆ ಹಣ ಕೊಟ್ಟು, ಬಳಸುವವರಿಗೆ ಪ್ರತಿ ಹೆಜ್ಜೆಯೂ ಔಟ್‌ಪುಟ್ ಟೋಕನ್ (ಪದದ ತುಣುಕು, ಬಿಲ್ಲು ಅದರ ಲೆಕ್ಕದಲ್ಲೇ). ನಾನು ಬಳಸಿದ ಸಾನೆಟ್ ಎಂಬ ಕ್ಲಾಡ್ ಮಾದರಿಯಲ್ಲಿ ಹತ್ತು ಲಕ್ಷ ಟೋಕನ್‌ಗೆ ಇನ್‌ಪುಟ್ 3 ಡಾಲರ್, ಔಟ್‌ಪುಟ್ 15 ಇತ್ತು. ಮೇಲಾಗಿ ಪ್ರತಿ ಹೆಜ್ಜೆಗೂ ಹಿಂದಿನದೆಲ್ಲ ಮತ್ತೆ ಒಳಗೆ ಹೋಗುತ್ತದೆ. ಕನ್ನಡದಲ್ಲಿ ಬರೆಸಿದರೆ ಅದೇ ಮಾತಿಗೆ ಇಂಗ್ಲಿಷಿಗಿಂತ ಹೆಚ್ಚು ಟೋಕನ್. 2024ರ ಸೆಪ್ಟೆಂಬರ್‌ನಲ್ಲಿ ಓಪನ್‌ಎಐನ ಓ1, 2025ರ ಫೆಬ್ರವರಿಯಲ್ಲಿ ಕ್ಲಾಡ್ 3.7 ಸಾನೆಟ್ ಬಂದ ಮೇಲೆ ಯೋಚನೆ ಮಾದರಿಯ ಒಳಗೇ ಇದೆ. ಅದನ್ನು ಬಿಟ್ಟು ಹೊರಗಿನ ಗೂಟಕ್ಕೆ ಕಟ್ಟುವುದೇಕೆ?

ನೆಟ್ ಇಲ್ಲದಾಗ ಸರ್ವರ್ ಏಳುತ್ತದೆ ಎಂಬ ಹೆಮ್ಮೆಯೂ ಅರ್ಥವಾಗಲಿಲ್ಲ. ನೆಟ್ ಇಲ್ಲದಿದ್ದರೆ ಕ್ಲಾಡೇ ಮಾತನಾಡುವುದಿಲ್ಲ.

ಸಾಗರದಿಂದ: ನೆಟ್ ಇಲ್ಲದಾಗ ಎಂದು ನಾನು ಎಲ್ಲಿ ಬರೆದೆ? ನಮ್ಮಲ್ಲಿ ನೆಟ್ ಇರುತ್ತದೆ, ತೊಟ್ಟಿಕ್ಕುತ್ತದೆ. ನಾಲ್ಕು ಸಾಲಿನ ಉತ್ತರ ಹೇಗೋ ಬರುತ್ತದೆ, ಪೊಟ್ಟಣ ಇಳಿಯುವುದಿಲ್ಲ. ಫೈಬರ್ ಇರುವ ಊರಿನಲ್ಲಿ ಕುಳಿತು ನಮಗೆ ಪಾಠ ಹೇಳಬೇಡಿ.

ಹೊಸನಗರದಿಂದ: ಭದ್ರಾವತಿಯವರಿಗೆ ಒಂದು ಮಾತು. ಕ್ಲಾಡ್ ತಯಾರಿಸುವ ಆಂಥ್ರೊಪಿಕ್‌ನವರೇ 2025ರ ಮಾರ್ಚ್‌ನಲ್ಲಿ ಇಂಥದೇ ಒಂದು "ಥಿಂಕ್" ಉಪಕರಣದ ಫಲಿತಾಂಶ ಪ್ರಕಟಿಸಿದ್ದರು. ವಿಮಾನಯಾನದ ಗ್ರಾಹಕ ಸೇವೆಯ ಪರೀಕ್ಷೆಯಲ್ಲಿ 0.370 ಇದ್ದ ಅಂಕ 0.570ಕ್ಕೆ ಏರಿತ್ತು. ಆ ಉಪಕರಣವೂ ಏನನ್ನೂ ಯೋಚಿಸುವುದಿಲ್ಲ, ಬರೆಯಲು ಜಾಗ ಕೊಡುತ್ತದೆ ಅಷ್ಟೆ. ಜಾಗ ಕೊಟ್ಟರೂ ಕೆಲಸ ಸುಧಾರಿಸಿತಲ್ಲ? ನಾನು ಸಹಕಾರ ಸಂಘದ ಸಾಲದ ನಿಯಮಗಳನ್ನು ಕೊಟ್ಟು ಅರ್ಜಿಗಳನ್ನು ನೋಡಿಸುತ್ತೇನೆ. ಯಾವ ನಿಯಮ ಅನ್ವಯಿಸುತ್ತದೆ, ಯಾವ ದಾಖಲೆ ಇಲ್ಲ ಎಂದು ಒಂದೊಂದಾಗಿ ಬರೆದ ಮೇಲೆಯೇ ತೀರ್ಮಾನಕ್ಕೆ ಹೋಗು ಎಂದು ಮೊದಲೇ ಹೇಳಿರುತ್ತೇನೆ. ಆ ಸೂಚನೆ ಇಲ್ಲದಿದ್ದರೆ ಸರ್ವರ್ ಇದ್ದರೂ ಮಾದರಿ ಅದನ್ನು ಕರೆಯುವುದೇ ಇಲ್ಲ.

ಭದ್ರಾವತಿಯಿಂದ: ಆ 0.570 ಬಂದದ್ದು ಉದಾಹರಣೆಗಳ ಸಮೇತ ಬರೆದ ಸೂಚನೆಯ ಜೊತೆಗೆ. ಬರೀ ಉಪಕರಣಕ್ಕೆ ಅಷ್ಟು ಏರಲಿಲ್ಲ. ಪೂರ್ತಿ ಓದಿ, ಆಮೇಲೆ ಅಂಕಿ ಎಸೆಯಿರಿ.

ಹೊಸನಗರದಿಂದ: ಸೂಚನೆ ಬೇಕು ಎಂದು ನಾನೂ ಅದನ್ನೇ ಬರೆದಿದ್ದೇನೆ. ನನ್ನ ಮೇಲೇಕೆ ಹರಿಹಾಯುತ್ತೀರಿ?

ತೀರ್ಥಹಳ್ಳಿಯಿಂದ: ಸಂಘದ ಸದಸ್ಯರ ಸಾಲದ ಅರ್ಜಿ ಹೊರಗಿನ ಕಂಪನಿಗೆ ಕಳಿಸುತ್ತಿದ್ದೀರಾ? ಸರ್ವರ್ ನಿಮ್ಮ ಯಂತ್ರದಲ್ಲಿದ್ದರೂ ಹೆಜ್ಜೆಗಳನ್ನು ಬರೆಯುವ ಮಾದರಿ ಅಲ್ಲಿಲ್ಲ. ರೈತರ ಒಪ್ಪಿಗೆ ಕೇಳಿದ್ದೀರಾ?

ಹೊಸನಗರದಿಂದ: ಹೆಸರು, ಸರ್ವೆ ನಂಬರ್, ಖಾತೆ ಸಂಖ್ಯೆ ಎಲ್ಲವನ್ನೂ ತೆಗೆದೇ ಕೊಡುತ್ತೇನೆ. ಇಪ್ಪತ್ತು ವರ್ಷದಿಂದ ಸಂಘದಲ್ಲಿ ಇರುವವನಿಗೆ ಈ ಮಾತು ಬೇಕಾಗಿರಲಿಲ್ಲ. ಸಾಗರದವರು ಮನೆಯ ಹಿಸ್ಸೆಯ ಲೆಕ್ಕವನ್ನೇ ಕೊಟ್ಟರು, ಅವರನ್ನು ಯಾರೂ ಕೇಳಲಿಲ್ಲ.

ಸಾಗರದಿಂದ: ನಮ್ಮ ಮನೆಯ ಲೆಕ್ಕ ನಮ್ಮದು, ಅಣ್ಣನನ್ನು ಪಕ್ಕದಲ್ಲೇ ಕೂರಿಸಿಕೊಂಡು ಮಾಡಿದ್ದು. ಭದ್ರಾವತಿಯವರ ಟೋಕನ್ ಮಾತಿಗೂ ಉತ್ತರ ಕೊಡುತ್ತೇನೆ. ಮಾದರಿಯ ಒಳಗಿನ ಯೋಚನೆ ನನ್ನಲ್ಲಿ ಪ್ರತಿ ಸಲ ಇಂಗ್ಲಿಷಿನಲ್ಲೇ ಬಂದಿದೆ. ಅಣ್ಣನಿಗೆ ಇಂಗ್ಲಿಷ್ ಬಾರದು. ಹೆಜ್ಜೆಗಳನ್ನು ಕನ್ನಡದಲ್ಲೇ ಬರೆ ಎಂದು ಮಾದರಿಗೆ ಕೊಡುವ ಸೂಚನೆಯಲ್ಲಿ ಸೇರಿಸಿದ್ದಕ್ಕೇ ಅವರು ಓದಲು ಸಾಧ್ಯವಾಯಿತು. ಎಷ್ಟು ಟೋಕನ್ ಹೆಚ್ಚಾದರೂ ಕೊಡುತ್ತೇನೆ.

ಭದ್ರಾವತಿಯಿಂದ: ತಿಂಗಳ ಚಂದಾದವರು ನೀವು, ಮಿತಿ ಮುಗಿದರೆ ಸಂಜೆಯವರೆಗೆ ಕಾಯುತ್ತೀರಿ. ಎಪಿಐ ಬಿಲ್ಲು ಕಟ್ಟಿ ಒಂದು ತಿಂಗಳು ಕನ್ನಡದಲ್ಲಿ ಹೆಜ್ಜೆ ಬರೆಸಿ, ಆಮೇಲೆ ಮಾತನಾಡೋಣ.