ಅಂತರಗಂಗೆ ಬೆಟ್ಟದ ಮೇಲಿನ ಚಂದ್ರ ಫೋಟೋದಲ್ಲಿ ಬರೀ ಬಿಳಿ ಬೊಟ್ಟು, ಯಾಕೆ?

ಪ್ರಶ್ನೆ: ಕೋಲಾರದಲ್ಲಿ ನಮ್ಮನೆ ಮಾಳಿಗೆ ಮೇಲಿಂದ ಹುಣ್ಣಿಮೆ ರಾತ್ರಿ ಹತ್ತು ಫೋಟೋ ತೆಗೆದೆ. ಬೆಳದಿಂಗಳಲ್ಲಿ ಬೆಟ್ಟದ ಬಂಡೆಗಳು ಎಣಿಸೋ ಹಾಗೆ ಕಾಣ್ತಿದ್ವು. ಫೋಟೋದಲ್ಲಿ ಬೆಟ್ಟ ಬಂದ್ರೆ ಚಂದ್ರ ಟ್ಯೂಬ್‌ಲೈಟು, ಚಂದ್ರ ಬಂದ್ರೆ ಬೆಟ್ಟ ಮಸಿ. ಕ್ಯಾಮೆರಾ ಕೆಟ್ಟಿದೆಯಾ?

ಉತ್ತರ 1: ಕ್ಯಾಮೆರಾ ಸರಿ ಇದೆ ಮಾರಾಯ. ಚಂದ್ರ ಅಂದ್ರೆ ಬಿಸಿಲಿಗೆ ಬಿದ್ದ ಕಲ್ಲು; ಹಗಲು ಫೋಟೋದ ಲೆಕ್ಕವೇ ಅದಕ್ಕೂ. ಐಎಸ್ಒ (ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ) 100, ಎಫ್/11 (ಲೆನ್ಸಿನ ಕಿಂಡಿ ಅಳತೆ; ಅಂಕಿ ಚಿಕ್ಕದಾದಷ್ಟೂ ಕಿಂಡಿ ದೊಡ್ಡದು), ಶಟರ್ ತೆರೆಯೋದು ಸೆಕೆಂಡಿನ ನೂರನೇ ಒಂದು ಭಾಗ. ಬೆಟ್ಟದ ಮೇಲೆ ಬೀಳೋ ಬೆಳದಿಂಗಳು ಬಿಸಿಲಿಗಿಂತ ಸುಮಾರು 4 ಲಕ್ಷ ಪಟ್ಟು ಮಂದ. ಅದಕ್ಕೆ ಐಎಸ್ಒ 1600, ಎಫ್/4 ಇಟ್ಟರೂ ಹದಿನೈದು ಸೆಕೆಂಡಾದರೂ ಬೇಕು. ಒಂದೇ ಕ್ಲಿಕ್ಕಲ್ಲಿ ಎರಡೂ ಸಿಗಲ್ಲ. ನಾನೂ ಎರಡು ವರ್ಷ ಒದ್ದಾಡಿದೀನಿ.

ಉತ್ತರ 2: ಅರ್ಧಚಂದ್ರನ ದಿನ ಪ್ರಯತ್ನಿಸಿ, ಕುಳಿಗಳ ನೆರಳು ಚೆನ್ನಾಗಿ ಬೀಳುತ್ತೆ. ಆದ್ರೆ ಬೆಳಕು ಹುಣ್ಣಿಮೆಯ ಅರ್ಧ ಅಲ್ಲ, ಹತ್ತನೇ ಒಂದು ಭಾಗದಷ್ಟೇ.

ಉತ್ತರ 3: ಬೆಟ್ಟ ಊರಿಗೆ ಪಶ್ಚಿಮಕ್ಕಿದೆಯಲ್ಲ? ಹುಣ್ಣಿಮೆ ಮಾರನೇ ಬೆಳಗಿನ ಜಾವ ಏಳಿ. ಚಂದ್ರ ಆ ಕಡೆ ಇಳಿಯೋ ಹೊತ್ತಿಗೆ ಇತ್ತ ಬೆಳಕು ಹರಿಯುತ್ತೆ, ಎರಡೂ ಒಟ್ಟಿಗೆ ಸಿಗ್ತವೆ.

ಪ್ರಶ್ನೆ ಕೇಳಿದವರು: ಏಳೋದೇ ಕಷ್ಟ. ಅಲಾರಂ ಇಟ್ಟೆ.