ಕಾಕಿನಾಡದ ಕೋರಿಂಗ ಕಾಂಡ್ಲಾ ಕಾಡು: ಮಗ ಮತ್ತು ಮಾವನವರನ್ನು ಕರೆದುಕೊಂಡು ಹೋಗಬಹುದಾ?

ದಾವಣಗೆರೆ_ಅಮ್ಮ

ಎಲ್ಲರಿಗೂ ನಮಸ್ಕಾರ. ಡಿಸೆಂಬರ್ ಕೊನೆಯಲ್ಲಿ ಆಂಧ್ರದ ಕಾಕಿನಾಡದಲ್ಲಿರುವ ತಂಗಿ ಮನೆಗೆ ಹೋಗುತ್ತಿದ್ದೇವೆ. ಅಲ್ಲೇ ಹತ್ತಿರ ಕೋರಿಂಗ ವನ್ಯಜೀವಿ ಧಾಮ ಇದೆಯಂತೆ. ಸಮುದ್ರದ ಪಕ್ಕ ಉಪ್ಪುನೀರಲ್ಲಿ ಬೆಳೆಯುವ ಕಾಂಡ್ಲಾ (ಮ್ಯಾಂಗ್ರೋವ್) ಕಾಡು, ಒಳಗೆ ಪ್ರಕೃತಿ ಕೇಂದ್ರ, ಮರದ ಹಲಗೆಯ ದಾರಿ ಎಲ್ಲಾ ಇದೆ ಅಂತ ತಂಗಿ ಹೇಳಿದಳು. ಅವಳೇ ಆರು ವರ್ಷದಿಂದ ಅಲ್ಲಿದ್ದರೂ ಒಂದು ಸಲವೂ ಹೋಗಿಲ್ಲ.

ಮಗನಿಗೆ ಒಂಬತ್ತು ವರ್ಷ. ಮೀನು ಹಿಡಿಯುವ ಕಾಡುಬೆಕ್ಕು ಅಲ್ಲಿದೆ ಅಂತ ಎಲ್ಲೋ ಓದಿದ್ದಾನೆ, ಆವತ್ತಿಂದ ಅದೇ ಜಪ. ಮಾವನವರಿಗೆ ಎಪ್ಪತ್ತೆರಡು, ಮಂಡಿನೋವು, ಆದರೆ ನಿಧಾನಕ್ಕೆ ನಡೆಯುತ್ತಾರೆ. ಬೆಕ್ಕು ಕಾಣಿಸುತ್ತಾ? ವಯಸ್ಸಾದವರಿಗೆ ಕಷ್ಟ ಆಗುತ್ತಾ? ಅರ್ಧ ದಿನ ಸಾಕಾ? ಹೋಗಿ ಬಂದವರು ದಯವಿಟ್ಟು ಹೇಳಿ.

ಬಂದರು_ಕೆಲಸಗಾರ

ನಾನು ಹರಿಹರದವನು, ಕೆಲಸಕ್ಕೆ ಅಂತ ಕಾಕಿನಾಡದಲ್ಲಿದ್ದೇನೆ. ಕೋರಿಂಗಕ್ಕೆ ಎಷ್ಟು ಸಲ ಹೋಗಿದ್ದೇನೋ ಲೆಕ್ಕ ಇಟ್ಟಿಲ್ಲ ಅಕ್ಕಾ. ಊರಿಂದ ಯಾರೇ ಬಂದರೂ ಮೊದಲು ಅಲ್ಲಿಗೇ ಕರೆದುಕೊಂಡು ಹೋಗುತ್ತೇನೆ.

ಬೆಂಗಳೂರಿಂದ ಶೇಷಾದ್ರಿ ಎಕ್ಸ್‌ಪ್ರೆಸ್ ಸೀದಾ ಕಾಕಿನಾಡಕ್ಕೇ ಬರುತ್ತದೆ. ಟಿಕೆಟ್ ಸಿಗದಿದ್ದರೆ ಸಾಮರ್ಲಕೋಟದಲ್ಲಿ ಇಳಿಯಿರಿ. ಅಲ್ಲಿ ನಿಲ್ಲುವ ರೈಲು ಜಾಸ್ತಿ, ಊರೂ ಹತ್ತಿರ. ಕಾಕಿನಾಡದಿಂದ ಯಾನಂ ರಸ್ತೆಯಲ್ಲಿ ಅರ್ಧ ಗಂಟೆ ಹೋದರೆ ಧಾಮದ ಬಾಗಿಲು. ಆಟೋದವರಿಗೆ "ಕೋರಿಂಗ ಮಡ ಅಡವುಲು" ಅಂದರೆ ಸಾಕು. ನಮ್ಮ ಕರಾವಳಿಯವರು ಕಾಂಡ್ಲಾ ಅನ್ನುವುದಕ್ಕೆ ಇಲ್ಲಿನವರು ಮಡ ಅನ್ನುತ್ತಾರೆ.

ಬೆಕ್ಕಿನ ವಿಷಯ ಮಗನಿಗೆ ಈಗಲೇ ಹೇಳಿಬಿಡಿ. ಕಾಣಿಸುವುದಿಲ್ಲ. ಇರುವುದು ನಿಜ, 2018ರಲ್ಲಿ ಎಣಿಸಿದಾಗ ನೂರರ ಮೇಲೆ ಸಿಕ್ಕಿದ್ದವು. ಆದರೆ ಅದು ರಾತ್ರಿ ಓಡಾಡುವ ಪ್ರಾಣಿ, ಕೇಂದ್ರ ತೆರೆದಿರುವುದು ಹಗಲಲ್ಲಿ. ಆದರೆ ಅದರ ಹೆಜ್ಜೆ ಹುಡುಕಬಹುದು. ಬೇರೆ ಬೆಕ್ಕುಗಳ ಹಾಗೆ ಇದರ ಉಗುರು ಪೂರ್ತಿ ಒಳಗೆ ಹೋಗುವುದಿಲ್ಲ, ಹಾಗಾಗಿ ಕೆಸರಲ್ಲಿ ಹೆಜ್ಜೆಯ ಮುಂದೆ ಉಗುರಿನ ಚುಕ್ಕಿಯೂ ಮೂಡಬಹುದು. ನಾಯಿ, ನರಿ ಹೆಜ್ಜೆಯಲ್ಲೂ ಉಗುರು ಕಾಣುತ್ತದೆ, ಅದಕ್ಕೆ ಅಲ್ಲಿನ ಗಾರ್ಡನ್ನು ಕೇಳಿಯೇ ಗುರುತು ಹಿಡಿಯಬೇಕು. ಮಕ್ಕಳಿಗೆ ಈ ಹುಡುಕಾಟ ಇಷ್ಟ ಆಗುತ್ತದೆ. ಇಲ್ಲಿ ಅದನ್ನು ಬಾವುರು ಪಿಲ್ಲಿ ಅಂತಾರೆ, ಹೆಸರು ಕಲಿಸಿಕೊಂಡು ಬನ್ನಿ, ಗಾರ್ಡ್‌ಗಳು ಖುಷಿಯಿಂದ ಮಾತಾಡುತ್ತಾರೆ.

ಮಾವನವರಿಗೆ ತೊಂದರೆ ಇಲ್ಲ. ದಾರಿ ಸಮತಟ್ಟು. ಮಳೆ ಬಂದಿದ್ದರೆ ಮಾತ್ರ ಹಲಗೆ ಜಾರುತ್ತದೆ, ಹಿಡಿತ ಇರುವ ಚಪ್ಪಲಿ ಹಾಕಿಸಿ.

ಶನಿವಾರದ_ಸುತ್ತಾಟ

ನಾನು ಬೇರೆ ಮಾತು ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ಹೋದ ವರ್ಷ ಒಂದು ಟೂರ್‌ನವರ ಜೊತೆ ಹೋಗಿದ್ದೆವು. ಭಾನುವಾರ, ಮಧ್ಯಾಹ್ನ ಒಂದು ಗಂಟೆ. ಜನವೋ ಜನ. ನೀರು ತುಂಬಿಕೊಂಡಿತ್ತು, ಬೇರೂ ಇಲ್ಲ, ಏಡಿಯೂ ಇಲ್ಲ, ಎರಡೂ ಕಡೆ ಹಸಿರು ಮರ ಅಷ್ಟೇ. ಅರ್ಧ ಗಂಟೆ ಕೊಟ್ಟು ಬಸ್ ಹತ್ತಿಸಿದರು. ನಮ್ಮ ಗುಂಪಿನವರೇ ಚಿಪ್ಸ್ ಪೊಟ್ಟಣ ನೀರಿಗೆ ಎಸೆದರು, ಹೇಳಿದರೆ ನನ್ನ ಮೇಲೇ ರೇಗಿದರು. ಅಷ್ಟು ದೂರ ಹೋಗಿ ಏನೂ ನೋಡದೆ ಬಂದ ಹಾಗಾಯಿತು.

ಶರಾವತಿ_ದಡ

ಶನಿವಾರದ_ಸುತ್ತಾಟ ಅವರೇ, ನಿಮಗೆ ಆದದ್ದು ಬೇಜಾರಿನ ವಿಷಯ. ಜಾಗದ ತಪ್ಪಲ್ಲ ಅದು, ಹೊತ್ತಿನದು. ನಾನು ಹೊನ್ನಾವರದವನು, ನಮ್ಮಲ್ಲೂ ಶರಾವತಿ ಹಿನ್ನೀರಲ್ಲಿ ಕಾಂಡ್ಲಾ ವನಕ್ಕೆ ಹಲಗೆ ದಾರಿ ಮಾಡಿದ್ದಾರೆ. ಎರಡೂ ಕಡೆ ನೋಡಿದ್ದೇನೆ. ನಮ್ಮದು ಚಿಕ್ಕದು, ಕೋರಿಂಗ ದೊಡ್ಡದು. ಧಾಮವೇ 235 ಚದರ ಕಿಲೋಮೀಟರ್ ಮೇಲೆ ಇದೆ, 1978ರಲ್ಲಿ ಘೋಷಣೆಯಾದದ್ದು, ಗೋದಾವರಿ ಸಮುದ್ರ ಸೇರುವ ಕಡೆಯ ಕಾಡು. ಆದರೆ ನೋಡುವ ರೀತಿ ಎರಡೂ ಕಡೆ ಒಂದೇ. ಇಳಿತದ ಹೊತ್ತಿಗೆ ಹೋಗಬೇಕು. ಅಷ್ಟೇ ಗುಟ್ಟು.

ಅಕ್ಕಾ, ಹೊರಡುವ ಮುಂಚೆ ಕಾಕಿನಾಡದ ಉಬ್ಬರ ಇಳಿತದ ಹೊತ್ತು ಮೊಬೈಲಲ್ಲಿ ನೋಡಿಕೊಳ್ಳಿ. ದಿನಕ್ಕೆ ಎರಡು ಸಲ ನೀರು ಇಳಿಯುತ್ತದೆ, ದಿನದಿಂದ ದಿನಕ್ಕೆ ಮುಕ್ಕಾಲು ಗಂಟೆ, ಐವತ್ತು ನಿಮಿಷ ಮುಂದಕ್ಕೆ ಹೋಗುತ್ತದೆ. ನೀರು ಪೂರ್ತಿ ಇಳಿಯುವುದಕ್ಕೆ ಒಂದು ಗಂಟೆ ಮುಂಚೆ ಒಳಗಿದ್ದರೆ ಕೆಸರು ಮೆಲ್ಲಗೆ ಬಯಲಾಗುವುದನ್ನೇ ನೋಡಬಹುದು. ಮೊದಲು ಕಾಣುವುದು ಬೇರು. ನೆಲದಿಂದ ಮೇಲಕ್ಕೆ ಪೆನ್ಸಿಲ್ ನೆಟ್ಟ ಹಾಗೆ ಸಾವಿರಾರು ಕಡ್ಡಿ ನಿಂತಿರುತ್ತವೆ. ಕೆಸರಿನೊಳಗೆ ಗಾಳಿ ಇಲ್ಲವಲ್ಲ, ಅದಕ್ಕೆ ಮರ ಆ ಕಡ್ಡಿಗಳಿಂದ ಉಸಿರಾಡುತ್ತದೆ. ಆಮೇಲೆ ಏಡಿಗಳು. ಗಂಡು ಏಡಿಗೆ ಒಂದು ಕೊಂಡಿ ಮೈಯಷ್ಟೇ ದೊಡ್ಡದು, ಬಾ ಬಾ ಅಂತ ಕರೆದ ಹಾಗೆ ಬೀಸುತ್ತಾ ಇರುತ್ತದೆ. ನೀವು ಹಲಗೆ ಮೇಲೆ ಧಡ ಧಡ ನಡೆದರೆ ಒಂದೇ ಕ್ಷಣಕ್ಕೆ ಎಲ್ಲವೂ ಬಿಲದೊಳಗೆ ಮಾಯ. ಒಂದು ಜಾಗದಲ್ಲಿ ಅಲುಗಾಡದೆ ಕೂತುಬಿಡಿ. ಎರಡು ಮೂರು ನಿಮಿಷಕ್ಕೆ ಒಂದೊಂದೇ ಇಣುಕಿ, ಮತ್ತೆ ಎಲ್ಲಾ ಆಚೆ ಬರುತ್ತವೆ. ಮಂಡಿನೋವು ಇರುವವರಿಗೂ ಇದೇ ಒಳ್ಳೆಯದು, ಅಲ್ವಾ? ಇದು ನಡೆಯುವ ಜಾಗಕ್ಕಿಂತ ಜಾಸ್ತಿ ಕೂರುವ ಜಾಗ.

ಇನ್ನೊಂದು. ಕೆಲವು ಮಡ ಮರದ ಎಲೆಯ ಮೇಲೆ ಉಪ್ಪು ಕೂತಿರುತ್ತದೆ. ಬೇರು ಎಳೆದುಕೊಂಡ ಉಪ್ಪನ್ನು ಮರ ಎಲೆಯಿಂದ ಹೊರಗೆ ಹಾಕುತ್ತದೆ. ಎಲೆ ಕೀಳದೆ ಬೆರಳಲ್ಲಿ ಸವರಿ ನಾಲಿಗೆಗೆ ಇಟ್ಟರೆ ಗೊತ್ತಾಗುತ್ತದೆ. ಆದರೆ ಯಾವ ಮರ ಅಂತ ಗಾರ್ಡನ್ನು ಕೇಳದೆ ಮುಟ್ಟಬೇಡಿ, ಯಾಕಂದರೆ ಅದೇ ಕಾಡಲ್ಲಿ ತಿಲ್ಲ ಅನ್ನುವ ಮರವೂ ಇದೆ, ಅದರ ಹಾಲು ಕಣ್ಣಿಗೆ ಬಿದ್ದರೆ ಕಣ್ಣೇ ಹೋಗಬಹುದು. ಮಗನಿಗೆ ಇದನ್ನು ಗಟ್ಟಿಯಾಗಿ ಹೇಳಿ.

ಹಳೇ_ನಕ್ಷೆ

ಮಾವನವರಿಗೆ ಚರಿತ್ರೆ ಇಷ್ಟವಿದ್ದರೆ ಇದನ್ನು ಓದಿ ಹೇಳಿ. ಕೋರಿಂಗ ಒಂದು ಕಾಲಕ್ಕೆ ದೊಡ್ಡ ಬಂದರು, ಅಲ್ಲಿ ಹಡಗು ಕಟ್ಟುತ್ತಿದ್ದರು, ರಿಪೇರಿ ಮಾಡುತ್ತಿದ್ದರು. 1789ರ ಡಿಸೆಂಬರಲ್ಲಿ ಬಿರುಗಾಳಿಯ ಜೊತೆ ಮೂರು ದೊಡ್ಡ ಅಲೆ ಒಂದರ ಹಿಂದೆ ಒಂದು ಬಂದು ಊರನ್ನೇ ನುಂಗಿದವು. ಜನ ಮತ್ತೆ ಕಟ್ಟಿದರು. 1839ರ ನವೆಂಬರಲ್ಲಿ ಇನ್ನೊಂದು ಬಂತು, ಅಲೆ ನಲವತ್ತು ಅಡಿ ಎದ್ದಿತ್ತು ಅಂತ ಬರೆದಿಟ್ಟಿದ್ದಾರೆ. ಆಮೇಲೆ ಬಂದರು ಮೇಲೇಳಲೇ ಇಲ್ಲ. ಕಲ್ಕತ್ತೆಯಲ್ಲಿದ್ದ ಹೆನ್ರಿ ಪಿಡಿಂಗ್ಟನ್ ಅನ್ನುವವರು ಬಂಗಾಳ ಕೊಲ್ಲಿಯ ಇಂಥ ಬಿರುಗಾಳಿಗಳನ್ನೇ ಅಧ್ಯಯನ ಮಾಡಿದವರು, 1789ರ ಕೋರಿಂಗದ ಗಾಳಿಯ ಬಗ್ಗೆಯೂ ಬರೆದಿದ್ದಾರೆ. ಸುತ್ತಿಕೊಂಡ ಹಾವಿನ ಅರ್ಥ ಬರುವ ಗ್ರೀಕ್ ಪದದಿಂದ ಸೈಕ್ಲೋನ್ ಅನ್ನುವ ಹೆಸರು ಕೊಟ್ಟವರೂ ಅವರೇ. ನಾವು ಇವತ್ತು ಟಿವಿಯಲ್ಲಿ ಕೇಳುವ ಪದ ಅದು.

ಆ ಹಲಗೆ ದಾರಿ ಮೇಲೆ ನಿಂತಾಗ ಇದು ಗೊತ್ತಿದ್ದರೆ ಮರಗಳನ್ನು ನೋಡುವ ಕಣ್ಣೇ ಬೇರೆ ಆಗುತ್ತದೆ. ಇಂಥ ಕಾಡು ಅಲೆಯ ಹೊಡೆತ ತಗ್ಗಿಸುತ್ತದೆ. ಅದರ ಮುಂದೆ ಸಮುದ್ರದಲ್ಲಿ ಹೋಪ್ ಐಲ್ಯಾಂಡ್ ಅಂತ ಮರಳಿನ ದಿಬ್ಬ ಇದೆ, ಗೋದಾವರಿ ತಂದು ಹಾಕಿದ ಮರಳು, ಇನ್ನೂರು ವರ್ಷದ ಆಚೀಚೆ ಬೆಳೆದದ್ದು. ಕಾಕಿನಾಡ ಬಂದರಿಗೆ ಅದೇ ಗೋಡೆ. ಚಳಿಗಾಲ ಕಳೆಯುವ ಹೊತ್ತಿಗೆ ಕಡಲಾಮೆಗಳು ಅಲ್ಲಿ ಮೊಟ್ಟೆ ಇಡಲು ಬರುತ್ತವೆ.

ಬಂದರು_ಕೆಲಸಗಾರ

ಹಳೇ_ನಕ್ಷೆ ಅವರೇ, ದಿನಾ ಅದೇ ಬಂದರಿಗೆ ಕೆಲಸಕ್ಕೆ ಹೋಗುತ್ತೇನೆ, ಸೈಕ್ಲೋನ್ ಹೆಸರಿನ ಕಥೆ ಗೊತ್ತಿರಲಿಲ್ಲ. ಥ್ಯಾಂಕ್ಸ್.

ಅಕ್ಕಾ, ದೋಣಿ ವಿಷಯ ಬಿಟ್ಟುಹೋಗಿತ್ತು. ನೀರು ಇಳಿದಾಗ ಸಣ್ಣ ಕಾಲುವೆಗೆ ದೋಣಿ ಹೋಗಲ್ಲ. ಹಾಗಾಗಿ ಏಡಿ ಬೇಕಾ, ದೋಣಿ ಬೇಕಾ ಅಂತ ಮೊದಲೇ ಯೋಚಿಸಿ. ಎರಡೂ ಬೇಕಂದರೆ ಇಳಿತಕ್ಕೆ ನಡೆದು, ನೀರು ಏರುವವರೆಗೆ ಕಾಯಬೇಕು, ಪೂರ್ತಿ ದಿನ ಇಟ್ಟುಕೊಳ್ಳಿ. ಲೈಫ್ ಜಾಕೆಟ್ ಕೊಡದೆ ಹತ್ತಿಸಿದರೆ ಹತ್ತಲೇಬೇಡಿ. ಹಕ್ಕಿ ಇಷ್ಟವಿದ್ದರೆ ಒಂದು ಬೆಳಿಗ್ಗೆ ಕಾಕಿನಾಡದ ಕುಂಭಾಭಿಷೇಕಂ ಕಡೆಯ ಕೆಸರು ಬಯಲಿಗೂ ಹೋಗಿ. ಚಳಿಗಾಲಕ್ಕೆ ಸ್ಕಿಮ್ಮರ್ ಹಕ್ಕಿಗಳು ಬರುತ್ತವೆ, ಕೆಳಗಿನ ಕೊಕ್ಕು ಮೇಲಿನದಕ್ಕಿಂತ ಉದ್ದ, ನೀರನ್ನು ಸೀಳಿಕೊಂಡೇ ಹಾರುತ್ತವೆ.

ದಾವಣಗೆರೆ_ಅಮ್ಮ

ಹೋಗಿ ಬಂದೆವು! ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಇಳಿತ ಬೆಳಿಗ್ಗೆ ಹತ್ತರ ಹೊತ್ತಿಗಿತ್ತು, ಬಾಗಿಲು ತೆರೆಯುತ್ತಿದ್ದ ಹಾಗೇ ಒಳಗೆ ಹೋದೆವು. ದೋಣಿ ಬಿಟ್ಟೆವು. ಮಾವನವರು ಒಂದು ಕಡೆ ಕೂತವರು ಒಂದೂವರೆ ಗಂಟೆ ಏಳಲೇ ಇಲ್ಲ. ಅವರ ಮುಂದೆ ಕೆಸರಲ್ಲಿ ಬೆರಳುದ್ದದ ಒಂದು ಮೀನು ಈಜದೆ, ರೆಕ್ಕೆ ಊರಿಕೊಂಡು ತೆವಳುತ್ತಿತ್ತು. ಕಣ್ಣು ಎರಡೂ ತಲೆ ಮೇಲೆ. ಆಗಾಗ ಕಣ್ಣನ್ನು ಗುಳಿಯೊಳಗೆ ಎಳೆದುಕೊಂಡು ಮತ್ತೆ ಆಚೆ ಬಿಡುತ್ತಿತ್ತು. "ಮೀನು ಕಣ್ಣು ಮಿಟುಕಿಸೋದನ್ನ ಈ ವಯಸ್ಸಿಗೆ ನೋಡಿದೆ ಕಣಮ್ಮ" ಅಂದರು. ಆಮೇಲೆ ನನ್ನ ಫೋನಿಂದ ಊರಿಗೆ ಮೂರು ಜನಕ್ಕೆ ಕರೆ ಮಾಡಿ ಅದನ್ನೇ ಹೇಳಿದರು.

ಮಗ ಗಾರ್ಡ್ ಅಣ್ಣನ ಹಿಂದೆಯೇ ಇದ್ದ. ಉಪ್ಪು ನೆಕ್ಕಿದ. ಕಾಲುವೆ ಪಕ್ಕ ಒಂದು ಹೆಜ್ಜೆ ಸಾಲು ತೋರಿಸಿದರು, ಉಗುರಿನ ಚುಕ್ಕಿ ಸಮೇತ ಇತ್ತು. "ಬಾವುರು ಪಿಲ್ಲಿ?" ಅಂತ ಕೇಳಿದ. ಅವರು ಬಗ್ಗಿ ನೋಡಿ, ಇದು ನರಿ ಅಂದರು. ಅವನ ಮುಖ ಸಪ್ಪೆಯಾಯಿತು, ಆದರೂ ಅದನ್ನೇ ಪುಸ್ತಕದಲ್ಲಿ ಬರೆದುಕೊಂಡು, ಪಕ್ಕದಲ್ಲಿ ಬೆಕ್ಕಿನದು ಹೇಗಿರುತ್ತೆ ಅಂತ ಅವರ ಕೈಲೇ ಬರೆಸಿಕೊಂಡ. ತಂಗಿಗೂ ಈಗ ಆಸೆ ಬಂದಿದೆ, ಮುಂದಿನ ತಿಂಗಳು ಮತ್ತೆ ಹೋಗುತ್ತಾಳಂತೆ.

ಶರಾವತಿ_ದಡ ಅವರೇ, ಫೆಬ್ರವರಿಯಲ್ಲಿ ಎರಡು ದಿನ ರಜೆ ಇದೆ, ನಿಮ್ಮ ಕಡೆ ಬರೋಣ ಅಂತ ಮಾವನವರೇ ಹೇಳುತ್ತಿದ್ದಾರೆ. ಯಾವಾಗ ಬಂದರೆ ಒಳ್ಳೆಯದು?

ಶರಾವತಿ_ದಡ

ಓದಿ ತುಂಬಾ ಖುಷಿಯಾಯಿತು ಅಕ್ಕಾ. ಅಮಾವಾಸ್ಯೆ ಅಥವಾ ಹುಣ್ಣಿಮೆ ಆಸುಪಾಸಲ್ಲಿ ಬನ್ನಿ, ಆಗ ನೀರು ಜಾಸ್ತಿ ಇಳಿಯುತ್ತದೆ, ಅಷ್ಟಮಿ ಹತ್ತಿರ ಬಂದರೆ ಅಷ್ಟು ಇಳಿಯಲ್ಲ. ದಿನ ಗೊತ್ತಾದ ಮೇಲೆ ಇಲ್ಲೇ ಬರೆಯಿರಿ, ಇಳಿತದ ಹೊತ್ತು ನೋಡಿ ಹೇಳುತ್ತೇನೆ.