ಪೆನ್ ಡ್ರೈವ್ ಇಲ್ಲದೆ ಐಎಸ್‌ಒ ಫೈಲ್‌ನಿಂದಲೇ ಬೂಟ್ ಮಾಡಬಹುದಾ?

ಪ್ರಶ್ನೆ:
ಹಳೆ ಲ್ಯಾಪ್‌ಟಾಪ್, ಯುಎಸ್‌ಬಿ ಪೋರ್ಟ್ ಎರಡೂ ಸಡಿಲ. ಉಬುಂಟು ಇದೆ, ಲಿನಕ್ಸ್ ಮಿಂಟ್ ನೋಡಬೇಕು ಅಂತ ಅದರ ಐಎಸ್‌ಒ (ಇನ್‌ಸ್ಟಾಲ್ ಡಿಸ್ಕ್‌ನ ಪೂರ್ತಿ ನಕಲಿರುವ ಒಂದೇ ಫೈಲ್) ಇಳಿಸಿ ಹಾರ್ಡ್ ಡಿಸ್ಕ್‌ನಲ್ಲೇ ಇಟ್ಟಿದ್ದೇನೆ. ಗ್ರಬ್‌ನಲ್ಲಿ (ಕಂಪ್ಯೂಟರ್ ಆನ್ ಆದಾಗ ಸಿಸ್ಟಮ್ ಶುರು ಮಾಡುವ ಪ್ರೋಗ್ರಾಮ್) ಲೂಪ್‌ಬ್ಯಾಕ್ (ಫೈಲನ್ನೇ ಡಿಸ್ಕ್‌ನಂತೆ ತೆರೆಯುವ) ಕಮಾಂಡ್ ಕೊಟ್ಟರೆ ಕರ್ನಲ್ (ಸಿಸ್ಟಮ್‌ನ ತಿರುಳು) ಲೋಡ್ ಆಗುತ್ತದೆ, ಆಮೇಲೆ ಲೈವ್ ಫೈಲ್ ಸಿಸ್ಟಮ್ (ಇನ್‌ಸ್ಟಾಲ್ ಮಾಡದೆಯೇ ನಡೆಯುವ ಸಿಸ್ಟಮ್‌ನ ಫೈಲ್‌ಗಳು) ಸಿಗಲಿಲ್ಲ ಅಂತ ಕಪ್ಪು ಪರದೆಯಲ್ಲಿ ನಿಂತುಬಿಡುತ್ತದೆ. ಎರಡು ರಾತ್ರಿ ಹೋಯಿತು, ದಯವಿಟ್ಟು ಹೇಳಿ.

ಉತ್ತರ 1:
ನೀವು ಹತ್ತಿರ ಬಂದಿದ್ದೀರಿ. ಲೂಪ್‌ಬ್ಯಾಕ್ ಗೊತ್ತಿರೋದು ಗ್ರಬ್‌ಗೆ ಮಾತ್ರ. ಕರ್ನಲ್ ಶುರುವಾದ ಮೇಲೆ ಆ ನಂಟು ಕಡಿದುಹೋಗುತ್ತದೆ, ಐಎಸ್‌ಒ ಎಲ್ಲಿದೆ ಅಂತ ಅದಕ್ಕೆ ಮತ್ತೆ ಹೇಳಬೇಕು. ಕರ್ನಲ್ ಸಾಲಿನಲ್ಲಿ 'ಬೂಟ್=ಕ್ಯಾಸ್ಪರ್' ಆದಮೇಲೆ 'ಐಎಸ್ಒ-ಸ್ಕ್ಯಾನ್/ಫೈಲ್‌ನೇಮ್=' ಅಂತ ಹಾಕಿ, ಪಾರ್ಟಿಷನ್ನಿನ (ಐಎಸ್‌ಒ ಇರುವ ಡಿಸ್ಕ್ ಭಾಗದ) ಬುಡದಿಂದ ಫೈಲ್‌ನ ಪೂರ್ತಿ ದಾರಿ ಬರೆಯಿರಿ. ಹೋಮ್‌ಗೆ (ನಿಮ್ಮ ಸ್ವಂತ ಫೈಲ್‌ಗಳ ಫೋಲ್ಡರ್) ಬೇರೆ ಪಾರ್ಟಿಷನ್ ಇದ್ದು ಐಎಸ್‌ಒ ಅಲ್ಲಿದ್ದರೆ ದಾರಿಯಲ್ಲಿ 'ಹೋಮ್' ಬರಬಾರದು, ಸುಮಾರು ಜನ ಎಡವೋದು ಇಲ್ಲೇ. ಮಿಂಟ್ ಅಲ್ಲದೆ ಡೆಬಿಯನ್ (ಇನ್ನೊಂದು ಲಿನಕ್ಸ್) ಲೈವ್ ಆದರೆ ಇದರ ಬದಲು 'ಫೈಂಡ್‌ಐಎಸ್‌ಒ=' ಹಾಕಬೇಕು.

ಉತ್ತರ 2:
ಡಿಸ್ಕ್ ಎನ್‌ಕ್ರಿಪ್ಟ್ ಮಾಡಿದ್ದೀರಾ? ಹಾಗಿದ್ದರೆ ಇದು ನಡೆಯಲ್ಲ, ಬೀಗ ಹಾಕದ ಪಾರ್ಟಿಷನ್‌ಗೆ ಐಎಸ್‌ಒ ಹಾಕಿ.

ಪ್ರಶ್ನೆ ಕೇಳಿದವರು:
ಬಂತು! ಹೋಮ್ ಬೇರೆ ಪಾರ್ಟಿಷನ್ನೇ, ದಾರಿಯೇ ತಪ್ಪಿತ್ತು. ತುಂಬಾ ಥ್ಯಾಂಕ್ಸ್. ಇಲ್ಲಿಂದಲೇ ಇನ್‌ಸ್ಟಾಲ್ ಮಾಡಬಹುದಲ್ವಾ?

ಉತ್ತರ 1:
ಮಾಡಬಹುದು, ಆದರೆ ಐಎಸ್‌ಒ ಇರುವ ಪಾರ್ಟಿಷನ್ ಮೌಂಟ್ ಆಗಿರುತ್ತದೆ (ಬಳಕೆಯಲ್ಲಿರುತ್ತದೆ), ಅದನ್ನು ಮುಟ್ಟಬೇಡಿ. ರ‍್ಯಾಮ್ 8 ಜಿಬಿ ಇದ್ದರೆ ಅದೇ ಕರ್ನಲ್ ಸಾಲಿಗೆ 'ಟುರ‍್ಯಾಮ್' ಸೇರಿಸಿ ನೋಡಿ, ಎಲ್ಲವೂ ರ‍್ಯಾಮ್‌ಗೆ ಹೋಗುತ್ತದೆ. ಮೊದಲು ಫೋಟೋ, ಕಡತಗಳನ್ನೆಲ್ಲ ಬೇರೆ ಕಡೆ ಕಾಪಿ ಮಾಡಿಟ್ಟುಕೊಳ್ಳಿ.